ಅಂಗಳದ ಗಡ್ಡೆಗಳ ಚರಿತ್ರೆ

ಧಾರವಾಡದ ಹಳೆಯ ಮನೆಗಳ ಅಂಗಳದಲ್ಲಿ ಚೈತ್ರ-ವೈಶಾಖದ ಹೊತ್ತಿಗೆ ಒಂದು ಕೆಂಪು ಹೂ ಏಳುತ್ತದೆ. ದಪ್ಪನೆಯ ಟೊಳ್ಳು ದಂಟು, ತುದಿಗೆ ತುತ್ತೂರಿಯಂಥ ಎರಡೋ ನಾಲ್ಕೋ ಹೂ, ಎಸಳಿನ ನಡುವೆ ಬಿಳಿ ಗೆರೆ. ಮನೆಯವರು ಲಿಲ್ಲಿ ಅನ್ನುತ್ತಾರೆ, ನರ್ಸರಿಯವರು ಅಮರಿಲ್ಲಿಸ್, ಸಸ್ಯಶಾಸ್ತ್ರದವರು ಹಿಪ್ಪಿಯಾಸ್ಟ್ರಮ್. ಕೊನೆಯ ಎರಡು ಹೆಸರುಗಳ ಜಗಳ ಸಣ್ಣದಲ್ಲ. ಲಿನೇಯಸ್ 1753ರಲ್ಲಿ ಇಟ್ಟ ಅಮರಿಲ್ಲಿಸ್ ಎಂಬ ಹೆಸರು ದಕ್ಷಿಣ ಆಫ್ರಿಕದ ಗಡ್ಡೆಗೆ ಸಲ್ಲಬೇಕೋ ದಕ್ಷಿಣ ಅಮೆರಿಕದ್ದಕ್ಕೋ ಎಂಬುದು ತೀರ್ಮಾನವಾಗಲು 1987ರ ಬರ್ಲಿನ್ ಸಮ್ಮೇಳನವೇ ಬೇಕಾಯಿತು. ಆಫ್ರಿಕ ಗೆದ್ದಿತು. ನಮ್ಮ ನರ್ಸರಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ!

ನನಗೆ ಹೆಸರಿಗಿಂತ ಅದು ಬಂದ ದಾರಿ ಮುಖ್ಯ. ದಕ್ಷಿಣ ಅಮೆರಿಕದ ಎರಡು ಗಡ್ಡೆ ಜಾತಿಗಳನ್ನು ಕೂಡಿಸಿ ಈ ಬಗೆಯ ಮೊದಲ ಮಿಶ್ರತಳಿ ಮಾಡಿದವನು ಇಂಗ್ಲೆಂಡಿನ ಪ್ರೆಸ್ಕಾಟ್ ಎಂಬ ಊರಿನ ಗಡಿಯಾರ ತಯಾರಕ ಆರ್ಥರ್ ಜಾನ್ಸನ್, 1799ರಲ್ಲಿ. ಮುಂದೆ ಅವನ ಗಾಜಿನ ಮನೆ ಹಾಳಾಯಿತು. ಆದರೆ ಅಷ್ಟರೊಳಗೆ ಅವನು ಕೆಲವು ಗಡ್ಡೆಗಳನ್ನು ಲಿವರ್‌ಪೂಲಿನ ಸಸ್ಯೋದ್ಯಾನಕ್ಕೆ ಕೊಟ್ಟಿದ್ದ. ಕೊಟ್ಟದ್ದು ಉಳಿಯಿತು, ಇಟ್ಟುಕೊಂಡದ್ದು ಹೋಯಿತು.

ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆಯೇ ಇರಬೇಕೆಂದಿಲ್ಲ. ಮರಿಗಡ್ಡೆ ಹಾಗಲ್ಲ, ಅದು ತಾಯಿಯದೇ ತುಂಡು. ಅಜ್ಜಿ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದದ್ದು, ಮೊಮ್ಮಗಳು ಪಕ್ಕದ ಮನೆಗೆ ಕೊಟ್ಟದ್ದು, ಎರಡೂ ಒಂದೇ ಗಿಡ. ನಾವು ಇತಿಹಾಸದ ವಿದ್ಯಾರ್ಥಿಗಳು ದಾಖಲೆ ಎಂದರೆ ಕಾಗದ ಅಥವಾ ಕಲ್ಲು ಅಂದುಕೊಂಡಿರುತ್ತೇವೆ. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಗೆಜೆಟಿಯರ್ (1884) ಬೆಳೆ, ಮಣ್ಣು, ಕಂದಾಯಗಳನ್ನು ತೂಕಮಾಡಿ ಹೇಳುವ ಪುಸ್ತಕ. ಹೆಣ್ಣುಮಕ್ಕಳು ಹಿತ್ತಲಿಂದ ಹಿತ್ತಲಿಗೆ ದಾಟಿಸಿದ ಗಡ್ಡೆಯನ್ನು ಎಣಿಸುವುದು ಅದರ ಕೆಲಸವಾಗಿರಲಿಲ್ಲ. ಆ ದಾಖಲೆ ಇದ್ದದ್ದು ಮಣ್ಣಿನಲ್ಲೇ. ಮಾಳಮಡ್ಡಿ, ಸಪ್ತಾಪುರಗಳಲ್ಲಿ ಹಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೋಡುವಾಗ ಜೆಸಿಬಿ ಎತ್ತಿ ಹಾಕುವುದು ಆ ಮಣ್ಣನ್ನೇ.

ಸುಗಂಧರಾಜದ ಕತೆ ಇನ್ನೂ ಸೋಜಿಗದ್ದು. ಸಂಸ್ಕೃತದ ಹೆಸರು, ಮದುವೆಯ ಹಾರದಲ್ಲಿ ಜಾಗ. ಇದಕ್ಕಿಂತ ನಮ್ಮದು ಯಾವುದಿದೆ ಅನ್ನಿಸುತ್ತದೆ. ಮರಾಠಿಯ ನೆರೆಯಿಂದ ನಿಶಿಗಂಧ ಎಂಬ ಇನ್ನೊಂದು ಹೆಸರೂ ಇತ್ತ ಬಂದಿದೆ. ಆದರೆ ಇದರ ಮೂಲ ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನ ಬಿಳಿ ಬಣ್ಣ ನೋಡಿ ಇದನ್ನು ಎಲುಬಿನ ಹೂ ಎಂದು ಕರೆಯುತ್ತಿದ್ದರು. ಯುರೋಪಿನ ಹಡಗುಗಳು ಆ ನೆಲ ಮುಟ್ಟುವ ಮೊದಲು ಇದು ಇತ್ತ ಬಂದಿರಲು ಸಾಧ್ಯವಿಲ್ಲ. ಪಂಪನಾಗಲಿ ಬಸವಣ್ಣನವರಾಗಲಿ ಇದರ ವಾಸನೆ ಕಂಡವರಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ‘ಪ್ರಜ್ವಲ್’ ತಳಿಯ ಹೆತ್ತವರಲ್ಲಿ ಒಂದರ ಹೆಸರು ‘ಮೆಕ್ಸಿಕನ್ ಸಿಂಗಲ್’. ಊರ ಹೆಸರು ಅಲ್ಲಿ ಮಾತ್ರ ಉಳಿದಿದೆ. ಹಾಗಂತ ಇದನ್ನು ಪರದೇಶಿ ಎಂದು ಹೊರಗಿಡುವವರ ಜೊತೆ ನಾನಿಲ್ಲ. ಹಾಗೆ ಹೊರಟರೆ ಚೆಂಡುಹೂವಿಲ್ಲದೆ ದೀಪಾವಳಿ ಮಾಡಬೇಕಾದೀತು, ಮೆಣಸಿನಕಾಯಿ ಇಲ್ಲದೆ ಬ್ಯಾಡಗಿಯನ್ನು ನೆನೆಯಬೇಕಾದೀತು.

ನಿಜವಾಗಿ ಇಲ್ಲಿನದೇ ಗಡ್ಡೆ ಬೇಕೆಂದರೆ ಕಾಡು ಉಳ್ಳಾಗಡ್ಡಿ ಇದೆ. ಉರಿಬಿಸಿಲಲ್ಲಿ, ಎಲೆಯೊಂದೂ ಇಲ್ಲದೆ, ಒಣನೆಲದಿಂದ ಸಪೂರ ದಂಟು ಎತ್ತಿ ಮಾಸಲು ಬಣ್ಣದ ಸಣ್ಣ ಹೂ ಬಿಡುತ್ತದೆ. ವಿಷದ ಗಡ್ಡೆ. ಅಂಗಳಕ್ಕೆ ಅದನ್ನು ಯಾರೂ ಕರೆದಿಲ್ಲ.

ಈಚೆಗೆ ಆನ್‌ಲೈನಿನಲ್ಲಿ ಟ್ಯೂಲಿಪ್ ಗಡ್ಡೆ ತರಿಸುವ ಗೆಳೆಯರಿದ್ದಾರೆ. ಅದಕ್ಕೆ ಹೂ ಬಿಡುವ ಮೊದಲು ಮೂರು ತಿಂಗಳಾದರೂ ಫ್ರಿಜ್ಜಿನಷ್ಟು ತಂಪು ಬೇಕು. ಧಾರವಾಡದ ಚಳಿ ಅದಕ್ಕೆ ಯಾವ ಮೂಲೆಗೂ ಸಾಲದು. ನಮ್ಮ ಗಡ್ಡೆಗಳು ಮಲಗುವುದು ಹಿಮದಲ್ಲಲ್ಲ, ಒಣಗಿದ ಮಣ್ಣಿನಲ್ಲಿ. ಹಾಗಾಗಿ ಮಾಗಿಯಲ್ಲಿ ಲಿಲ್ಲಿಗೆ ನೀರು ಕಡಿಮೆ ಮಾಡಿ, ಶಿವರಾತ್ರಿಯ ಸುಮಾರಿಗೆ ಮತ್ತೆ ಶುರುಮಾಡಬೇಕು. ಆರಿಸುವಾಗ ಹಿಚುಕಿದರೆ ಮೆತ್ತಗಾಗದ, ಬೂಸ್ಟು ಹಿಡಿಯದ ಗಡ್ಡೆ ನೋಡಿರಿ. ಲಿಲ್ಲಿಯ ಕೊರಳು ಮಣ್ಣಿನ ಮೇಲೆ ಕಾಣುತ್ತಿರಲಿ. ಸುಗಂಧರಾಜವನ್ನಾದರೆ 5 ಸೆಂ.ಮೀ. ಆಳಕ್ಕೆ, ಗೇಣು ಅಂತರ ಬಿಟ್ಟು, ಮಾರ್ಚ್-ಏಪ್ರಿಲ್‌ನಲ್ಲಿ ಊರಬೇಕು. ಹೂವಿಗೆ ಮಳೆಗಾಲದವರೆಗೆ ಕಾಯಬೇಕು. ಧಾರವಾಡದ ಮಸಾರಿ ಮಣ್ಣಿನಲ್ಲಿ ಇಷ್ಟು ಸಾಕು. ಹುಬ್ಬಳ್ಳಿ ಕಡೆಯ ಎರೆ ಮಣ್ಣು ನೀರು ಹಿಡಿದುಕೊಂಡು ಗಡ್ಡೆ ಕೊಳೆಸುತ್ತದೆ, ಅಲ್ಲಿನವರು ಮರಳು, ಗೊಬ್ಬರ ಬೆರೆಸಿ ಮಡಿಯನ್ನು ಎತ್ತರಿಸಿಕೊಳ್ಳಲಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿದರೆ ಮರಿಗಡ್ಡೆಗಳು ಸಿಗುತ್ತವೆ, ನೆರೆಮನೆಯವರಿಗೆ ಕೊಟ್ಟು ಮಿಗುವಷ್ಟು.