ಕೆನಡಾದಲ್ಲಿ ಚಳಿಗಾಲದ ತಾಪಮಾನ ಏರಿಕೆ ಮತ್ತು ಹಿಮದ ಇಳಿಕೆ

ಕೆನಡಾದ ಚಳಿಗಾಲವು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ ಕ್ರಮೇಣ ಸೌಮ್ಯವಾಗುತ್ತಿದೆ. ದೇಶದ ನಾಲ್ಕು ಋತುಗಳ ಪೈಕಿ ಅತಿ ವೇಗವಾಗಿ ಬಿಸಿಯಾಗುತ್ತಿರುವುದು ಚಳಿಗಾಲವೇ ಆಗಿದೆ. 1948ರಿಂದ 2016ರವರೆಗಿನ ಅವಧಿಯಲ್ಲಿ ದೇಶದ ವಾರ್ಷಿಕ ಸರಾಸರಿ ತಾಪಮಾನವು 1.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದ್ದರೆ, ಚಳಿಗಾಲದ ಸರಾಸರಿ ತಾಪಮಾನವು 3.3 ಡಿಗ್ರಿಯಷ್ಟು ಏರಿದೆ. ಇದರೊಂದಿಗೆ ಹಿಮ ನೆಲದ ಮೇಲೆ ಉಳಿಯುವ ಕಾಲಾವಧಿ, ಹಿಮಹೊದಿಕೆಯ ದಪ್ಪ ಹಾಗೂ ಸರೋವರ ಮತ್ತು ಸಮುದ್ರಗಳ ಮೇಲಿನ ಮಂಜುಗಡ್ಡೆಯ ಪ್ರಮಾಣವೂ ದೇಶದ ಬಹುಭಾಗದಲ್ಲಿ ಕುಗ್ಗಿವೆ. ಕೆನಡಾದ ಸಾರಿಗೆ, ನೀರು ಪೂರೈಕೆ, ಅರಣ್ಯ, ಕೃಷಿ ಮತ್ತು ಮೂಲನಿವಾಸಿಗಳ ಜೀವನಕ್ರಮಗಳು ದೀರ್ಘಕಾಲದ ಚಳಿಯನ್ನು ಅವಲಂಬಿಸಿರುವುದರಿಂದ ಈ ಬದಲಾವಣೆಯ ಪರಿಣಾಮಗಳು ವ್ಯಾಪಕವಾಗಿವೆ.

ಹಿನ್ನೆಲೆ

ವಿಸ್ತೀರ್ಣದಲ್ಲಿ ಜಗತ್ತಿನ ಎರಡನೆಯ ಅತಿದೊಡ್ಡ ರಾಷ್ಟ್ರವಾದ ಕೆನಡಾದ ಉತ್ತರ ಭಾಗವು ಆರ್ಕ್ಟಿಕ್ ವಲಯದೊಳಗೆ ಚಾಚಿಕೊಂಡಿದೆ. ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ ಅಲ್ಲಿನ ಚಳಿಗಾಲವೆಂದರೆ ಡಿಸೆಂಬರ್, ಜನವರಿ ಮತ್ತು ಫೆಬ್ರುವರಿ ತಿಂಗಳುಗಳು. ಉತ್ತರದ ಪ್ರದೇಶಗಳಲ್ಲಿ ಹಿಮವು ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ನೆಲವನ್ನು ಮುಚ್ಚಿರುತ್ತದೆ. ಉತ್ತರ ಅಮೆರಿಕ ಖಂಡದ ಮುಖ್ಯ ಭೂಭಾಗದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೂ ಕೆನಡಾದ್ದೇ. 1947ರ ಫೆಬ್ರುವರಿ 3ರಂದು ಯೂಕಾನ್ ಪ್ರದೇಶದ ಸ್ನ್ಯಾಗ್ ಎಂಬಲ್ಲಿ ತಾಪಮಾನವು −63 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು.

ಇಂತಹ ಪರಿಸರದಲ್ಲಿ ಚಳಿಯು ಕೇವಲ ಸಹಿಸಿಕೊಳ್ಳಬೇಕಾದ ಸಂಗತಿಯಾಗಿರಲಿಲ್ಲ. ಹೆಪ್ಪುಗಟ್ಟಿದ ನದಿಗಳು ರಸ್ತೆಗಳಾದವು, ಬೆಟ್ಟಗಳ ಮೇಲಿನ ಹಿಮವು ಬೇಸಿಗೆಯ ನೀರಿನ ಸಂಗ್ರಹವಾಯಿತು, ಸಮುದ್ರದ ಮಂಜುಗಡ್ಡೆಯು ಇನುಯಿಟ್ ಜನರಿಗೆ ಬೇಟೆಯ ನೆಲೆಯಾಯಿತು.

ದಾಖಲಾದ ಬದಲಾವಣೆಗಳು

ತಾಪಮಾನ: ಕೆನಡಾ ಸರ್ಕಾರವು 2019ರಲ್ಲಿ ಪ್ರಕಟಿಸಿದ ಹವಾಮಾನ ಬದಲಾವಣೆಯ ವರದಿಯ ಪ್ರಕಾರ, ದೇಶವು ಜಾಗತಿಕ ಸರಾಸರಿಯ ಸುಮಾರು ಎರಡು ಪಟ್ಟು ವೇಗದಲ್ಲಿ ಬಿಸಿಯಾಗುತ್ತಿದೆ. ಉತ್ತರ ಕೆನಡಾದಲ್ಲಿ 1948ರಿಂದ 2016ರವರೆಗೆ ಚಳಿಗಾಲದ ತಾಪಮಾನವು 4.3 ಡಿಗ್ರಿಯಷ್ಟು ಹೆಚ್ಚಿದೆ. ಬ್ರಿಟಿಷ್ ಕೊಲಂಬಿಯಾ, ಯೂಕಾನ್ ಮತ್ತು ವಾಯವ್ಯ ಪ್ರಾಂತಗಳಲ್ಲಿ ಏರಿಕೆ ತೀವ್ರವಾಗಿದ್ದು, ಅಟ್ಲಾಂಟಿಕ್ ಕರಾವಳಿಯಲ್ಲಿ ಕಡಿಮೆಯಾಗಿದೆ.

ಹಿಮ: 1981ರಿಂದ 2015ರವರೆಗಿನ ಅವಧಿಯಲ್ಲಿ ದೇಶದ ಬಹುಭಾಗದಲ್ಲಿ ಹಿಮಹೊದಿಕೆಯು ಪ್ರತಿ ದಶಕಕ್ಕೆ ಶೇಕಡಾ 5ರಿಂದ 10ರಷ್ಟು ಕಡಿಮೆಯಾಗಿದೆ. ಶರತ್ಕಾಲದಲ್ಲಿ ಹಿಮ ತಡವಾಗಿ ನೆಲೆನಿಲ್ಲುವುದು ಹಾಗೂ ವಸಂತದಲ್ಲಿ ಬೇಗ ಕರಗುವುದು ಇದಕ್ಕೆ ಕಾರಣ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ದೇಶದ ಒಟ್ಟು ಮಳೆ ಮತ್ತು ಹಿಮಪಾತದ ಪ್ರಮಾಣವು ಕಡಿಮೆಯಾಗಿಲ್ಲ, ಬದಲಾಗಿ ಹೆಚ್ಚಿದೆ. ಆದರೆ ದಕ್ಷಿಣ ಭಾಗಗಳಲ್ಲಿ ಹಿಂದೆ ಹಿಮವಾಗಿ ಬೀಳುತ್ತಿದ್ದ ನೀರಿನ ಒಂದು ಪಾಲು ಈಗ ಮಳೆಯಾಗಿ ಬೀಳುತ್ತಿದೆ.

ಮಂಜುಗಡ್ಡೆ: ಸರೋವರಗಳು ತಡವಾಗಿ ಹೆಪ್ಪುಗಟ್ಟಿ ಬೇಗ ಕರಗುತ್ತಿವೆ. ಅಮೆರಿಕ ಸಂಯುಕ್ತ ಸಂಸ್ಥಾನದೊಂದಿಗೆ ಹಂಚಿಕೊಂಡಿರುವ ಮಹಾಸರೋವರಗಳಲ್ಲಿ ಚಳಿಗಾಲದ ಗರಿಷ್ಠ ಮಂಜುಗಡ್ಡೆಯು ದೀರ್ಘಕಾಲೀನ ಸರಾಸರಿಯಲ್ಲಿ ಅರ್ಧದಷ್ಟು ಮೇಲ್ಮೈಯನ್ನು ಆವರಿಸುತ್ತದೆ; 2023–24ರಲ್ಲಿ ಅದು ಶೇಕಡಾ 20ನ್ನೂ ತಲುಪಲಿಲ್ಲ. ಪೂರ್ವ ಕರಾವಳಿಯಲ್ಲಿಯೂ ಚಳಿಗಾಲದ ಸಮುದ್ರ ಮಂಜುಗಡ್ಡೆ ಕಡಿಮೆಯಾಗಿದೆ.

ಕಾರಣಗಳು

ಕಲ್ಲಿದ್ದಲು, ತೈಲ ಮತ್ತು ನೈಸರ್ಗಿಕ ಅನಿಲಗಳ ದಹನದಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್ ಮುಂತಾದ ಹಸಿರುಮನೆ ಅನಿಲಗಳು ಈ ಏರಿಕೆಯ ಮುಖ್ಯ ಕಾರಣಗಳಾಗಿವೆ. ಕೆನಡಾದ ತಾಪಮಾನ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮಾನವ ಚಟುವಟಿಕೆಗಳಿಂದ ಉಂಟಾದುದೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಉಳಿದ ಭಾಗದಲ್ಲಿ ಹವಾಮಾನದ ಸ್ವಾಭಾವಿಕ ಏರಿಳಿತಗಳ ಪಾತ್ರವಿದೆ.

ಉನ್ನತ ಅಕ್ಷಾಂಶಗಳಲ್ಲಿ ತಾಪಮಾನ ವೇಗವಾಗಿ ಏರುವುದನ್ನು ಧ್ರುವೀಯ ವರ್ಧನೆ ಎಂದು ಕರೆಯಲಾಗುತ್ತದೆ. ಹೊಸದಾಗಿ ಬಿದ್ದ ಹಿಮವು ಸೂರ್ಯನ ಬೆಳಕಿನ ಶೇಕಡಾ 80ಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ತೆರೆದ ಸಮುದ್ರದ ನೀರು ಅದರ ಹೆಚ್ಚಿನ ಭಾಗವನ್ನು ಹೀರಿಕೊಳ್ಳುತ್ತದೆ. ಹಿಮ ಮತ್ತು ಮಂಜುಗಡ್ಡೆ ಕರಗಿದಷ್ಟೂ ನೆಲ ಮತ್ತು ನೀರು ಹೆಚ್ಚು ಶಾಖವನ್ನು ಹೀರಿಕೊಂಡು ಇನ್ನಷ್ಟು ಕರಗುವಿಕೆಗೆ ಕಾರಣವಾಗುತ್ತವೆ. ಬೇಸಿಗೆಯಲ್ಲಿ ಸಮುದ್ರ ಹೀರಿಕೊಂಡ ಶಾಖವು ಶರತ್ಕಾಲ ಮತ್ತು ಚಳಿಗಾಲಗಳಲ್ಲಿ ತೆಳುವಾದ ಮಂಜುಗಡ್ಡೆಯ ಮೂಲಕ ಗಾಳಿಗೆ ಮರಳುವುದರಿಂದ ಇದರ ಪರಿಣಾಮವು ಚಳಿಗಾಲದಲ್ಲಿಯೇ ಹೆಚ್ಚಾಗಿ ಕಾಣಿಸುತ್ತದೆ.

ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಕಾಣುವ ವ್ಯತ್ಯಾಸಗಳಲ್ಲಿ ಪೆಸಿಫಿಕ್ ಮಹಾಸಾಗರದ ಎಲ್ ನಿನೊ ವಿದ್ಯಮಾನವು ಪ್ರಭಾವ ಬೀರುತ್ತದೆ. ಎಲ್ ನಿನೊ ವರ್ಷಗಳಲ್ಲಿ ಕೆನಡಾದ ಬಹುಭಾಗದಲ್ಲಿ ಚಳಿಗಾಲವು ಸಾಮಾನ್ಯಕ್ಕಿಂತ ಬೆಚ್ಚಗಿರುತ್ತದೆ.

2023–24ರ ಚಳಿಗಾಲ

ರಾಷ್ಟ್ರವ್ಯಾಪಿ ದಾಖಲೆಗಳು ಆರಂಭವಾದ 1948ರಿಂದೀಚೆಗೆ 2023–24ರ ಚಳಿಗಾಲವು ಅಲ್ಲಿಯವರೆಗಿನ ಅತಿ ಬೆಚ್ಚಗಿನ ಚಳಿಗಾಲವಾಗಿ ದಾಖಲಾಯಿತು. ಅದರ ಸರಾಸರಿ ತಾಪಮಾನವು 1961–1990ರ ಸರಾಸರಿಗಿಂತ 5.2 ಡಿಗ್ರಿಯಷ್ಟು ಹೆಚ್ಚಿತ್ತು. ಇದಕ್ಕೂ ಮೊದಲು ಈ ದಾಖಲೆಯು 2009–10ರ ಚಳಿಗಾಲದ ಹೆಸರಿನಲ್ಲಿತ್ತು. ಪ್ರಬಲವಾದ ಎಲ್ ನಿನೊ ಮತ್ತು ದೀರ್ಘಕಾಲೀನ ತಾಪಮಾನ ಏರಿಕೆಗಳೆರಡೂ ಇದಕ್ಕೆ ಕಾರಣವಾದವು. ಆ ಚಳಿಗಾಲದ ಕೊನೆಗೆ, 2024ರ ಏಪ್ರಿಲ್ 1ರಂದು, ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳ ಮೇಲಿನ ಹಿಮಸಂಗ್ರಹವು ಸಾಮಾನ್ಯ ಪ್ರಮಾಣದ ಶೇಕಡಾ 63ರಷ್ಟು ಮಾತ್ರ ಇತ್ತು. 2023ರ ಬೇಸಿಗೆಯಲ್ಲಿ ಹೊತ್ತಿಕೊಂಡ ಕಾಡ್ಗಿಚ್ಚುಗಳ ಪೈಕಿ ಹಲವು, ತೆಳುವಾದ ಹಿಮದ ಕೆಳಗೆ ನೆಲದೊಳಗೆ ಹೊಗೆಯಾಡುತ್ತಲೇ ಚಳಿಗಾಲವನ್ನು ದಾಟಿದವು.

ಆದರೂ ಅದೇ ಚಳಿಗಾಲದಲ್ಲಿ ತೀವ್ರ ಚಳಿ ಮತ್ತು ಭಾರಿ ಹಿಮಪಾತದ ಘಟನೆಗಳೂ ನಡೆದವು. 2024ರ ಜನವರಿ ಮಧ್ಯಭಾಗದಲ್ಲಿ ಆಲ್ಬರ್ಟಾದ ಎಡ್ಮಂಟನ್ ಸುತ್ತಮುತ್ತ ತಾಪಮಾನವು −45 ಡಿಗ್ರಿಯ ಆಸುಪಾಸಿಗೆ ಇಳಿದು, ವಿದ್ಯುತ್ ಬಳಕೆಯನ್ನು ತಗ್ಗಿಸುವಂತೆ ಸಾರ್ವಜನಿಕರಿಗೆ ತುರ್ತು ಸೂಚನೆ ನೀಡಬೇಕಾಯಿತು. ಫೆಬ್ರುವರಿ ಆರಂಭದಲ್ಲಿ ನೋವಾ ಸ್ಕೋಷಿಯಾದ ಕೇಪ್ ಬ್ರೆಟನ್ ದ್ವೀಪದ ಕೆಲವೆಡೆ ಕೆಲವೇ ದಿನಗಳಲ್ಲಿ 100 ಸೆಂಟಿಮೀಟರ್‌ಗೂ ಹೆಚ್ಚು ಹಿಮ ಬಿದ್ದಿತು. ಸರಾಸರಿಯ ಏರಿಕೆಯು ತೀವ್ರ ಚಳಿಯನ್ನು ಸಂಪೂರ್ಣವಾಗಿ ಇಲ್ಲವಾಗಿಸುವುದಿಲ್ಲ, ಅದನ್ನು ವಿರಳಗೊಳಿಸುತ್ತದೆ. ಬೆಚ್ಚಗಿನ ಗಾಳಿಯು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲುದು. ಮಂಜುಗಡ್ಡೆಯಿಲ್ಲದ ಸರೋವರಗಳಿಂದ ನೀರು ಹೆಚ್ಚು ಆವಿಯಾಗುತ್ತದೆ. ಹೀಗಾಗಿ ತಂಪು ಗಾಳಿ ಬೀಸಿದಾಗ ಕೆಲವೆಡೆ ಒಮ್ಮೆಲೇ ಭಾರಿ ಹಿಮ ಬೀಳುವ ಸಾಧ್ಯತೆಯೂ ಇರುತ್ತದೆ.

ಪರಿಣಾಮಗಳು

ಚಳಿಗಾಲದ ರಸ್ತೆಗಳು

ಉತ್ತರ ಕೆನಡಾದ ಅನೇಕ ಊರುಗಳಿಗೆ ವರ್ಷಪೂರ್ತಿ ಬಳಸಬಹುದಾದ ರಸ್ತೆಗಳಿಲ್ಲ. ಹೆಪ್ಪುಗಟ್ಟಿದ ಸರೋವರ, ನದಿ ಮತ್ತು ಜೌಗು ನೆಲಗಳ ಮೇಲೆ ಪ್ರತಿ ವರ್ಷ ನಿರ್ಮಿಸುವ ತಾತ್ಕಾಲಿಕ ರಸ್ತೆಗಳ ಮೂಲಕವೇ ಇಂಧನ, ಕಟ್ಟಡ ಸಾಮಗ್ರಿ ಹಾಗೂ ಬೃಹತ್ ಪ್ರಮಾಣದ ಆಹಾರ ಪದಾರ್ಥಗಳು ಅಲ್ಲಿಗೆ ತಲುಪುತ್ತವೆ. ಒಂಟಾರಿಯೊದ ದೂರದ ಉತ್ತರದಲ್ಲಿ 31 ಮೂಲನಿವಾಸಿ ಸಮುದಾಯಗಳು ಸುಮಾರು 3,000 ಕಿಲೋಮೀಟರ್ ಉದ್ದದ ಇಂತಹ ರಸ್ತೆಜಾಲವನ್ನು ಅವಲಂಬಿಸಿವೆ. ಪೂರ್ಣ ಭಾರ ಹೊತ್ತ ಲಾರಿಗಳು ಸರೋವರವನ್ನು ದಾಟಲು ಸುಮಾರು 1 ಮೀಟರ್ ದಪ್ಪದ ಗಡ್ಡೆ ಬೇಕಾಗುತ್ತದೆ. ಗಡ್ಡೆ ತೆಳುವಾಗಿದ್ದರೆ ಅರ್ಧ ಭಾರದೊಂದಿಗೆ ಸಾಗಬೇಕು, ಇಲ್ಲವೇ ವಿಮಾನದಲ್ಲಿ ಸಾಗಿಸಬೇಕು. ಇದರಿಂದ ಮೊದಲೇ ದುಬಾರಿಯಾಗಿರುವ ಉತ್ತರದ ಜೀವನವೆಚ್ಚ ಮತ್ತಷ್ಟು ಏರುತ್ತದೆ ಮತ್ತು ಮನೆಗಳ ನಿರ್ಮಾಣ ಮುಂದಿನ ವರ್ಷಕ್ಕೆ ಹೋಗುತ್ತದೆ. 2024ರ ಫೆಬ್ರುವರಿಯಲ್ಲಿ ಉತ್ತರ ಒಂಟಾರಿಯೊದ ಮೂಲನಿವಾಸಿಗಳನ್ನು ಪ್ರತಿನಿಧಿಸುವ ನಿಶ್ನಾಬೆ ಅಸ್ಕಿ ನೇಷನ್, ರಸ್ತೆಗಳು ಸಿದ್ಧವಾಗದ ಕಾರಣಕ್ಕೆ ತುರ್ತು ಪರಿಸ್ಥಿತಿಯನ್ನು ಘೋಷಿಸಿತು.

ಗಣಿಗಾರಿಕೆಗೂ ಇದೇ ಸಮಸ್ಯೆ ಎದುರಾಗಿದೆ. ವಾಯವ್ಯ ಪ್ರಾಂತಗಳ ವಜ್ರದ ಗಣಿಗಳಿಗೆ ಸಾಮಗ್ರಿ ಒಯ್ಯುವ ಟಿಬಿಟ್–ಕಾಂಟ್ವೊಯ್ಟೊ ರಸ್ತೆಯ ಹೆಚ್ಚಿನ ಭಾಗವು ಹೆಪ್ಪುಗಟ್ಟಿದ ಸರೋವರಗಳ ಮೇಲೆ ಹಾದುಹೋಗುತ್ತದೆ. 2006ರಲ್ಲಿ ಬೆಚ್ಚಗಿನ ಹವೆಯಿಂದ ಈ ರಸ್ತೆಯನ್ನು ಅವಧಿಗೆ ಮುನ್ನವೇ ಮುಚ್ಚಿದ್ದರಿಂದ ಇಂಧನ ಮತ್ತು ಯಂತ್ರಗಳನ್ನು ವಿಮಾನಗಳಲ್ಲಿ ಸಾಗಿಸಬೇಕಾಯಿತು.

ನೀರು ಮತ್ತು ಕೃಷಿ

ರಾಕಿ ಪರ್ವತಗಳ ಮೇಲೆ ಸಂಗ್ರಹವಾಗುವ ಹಿಮವು ನಿಧಾನವಾಗಿ ಕರಗಿ ಬೋ, ಸಸ್ಕಾಚೆವಾನ್ ಮೊದಲಾದ ನದಿಗಳಿಗೆ ಬೇಸಿಗೆಯಲ್ಲಿ ನೀರುಣಿಸುತ್ತದೆ. ಆಲ್ಬರ್ಟಾ ಮತ್ತು ಸಸ್ಕಾಚೆವಾನ್‌ಗಳ ಹುಲ್ಲುಗಾವಲು ಪ್ರದೇಶದ ನೀರಾವರಿ ಈ ನದಿಗಳನ್ನು ನಂಬಿದೆ. ಹಿಮ ಕಡಿಮೆಯಾಗಿ ಬೇಗ ಕರಗಿದಾಗ ವಸಂತದಲ್ಲಿ ನೀರು ಹರಿದುಹೋಗಿ, ಬೆಳೆಗೆ ಅಗತ್ಯವಿರುವ ಬೇಸಿಗೆಯ ಕೊನೆಯಲ್ಲಿ ನದಿಗಳ ಹರಿವು ತಗ್ಗುತ್ತದೆ. ಹಿಮನದಿಗಳೂ ಹಿಂದೆ ಸರಿಯುತ್ತಿವೆ. ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನದ ಅಥಬಾಸ್ಕ ಹಿಮನದಿಯು ಸುಮಾರು 125 ವರ್ಷಗಳಲ್ಲಿ 1.5 ಕಿಲೋಮೀಟರ್‌ಗೂ ಹೆಚ್ಚು ಹಿಂದೆ ಸರಿದು, ತನ್ನ ಗಾತ್ರದ ಅರ್ಧದಷ್ಟನ್ನು ಕಳೆದುಕೊಂಡಿದೆ.

ಹಿಮವು ನೆಲಕ್ಕೆ ಕಂಬಳಿಯಂತೆ ಹೊದಿಕೆಯಾಗಿ, ಶರತ್ಕಾಲದಲ್ಲಿ ಬಿತ್ತಿದ ಗೋಧಿಯನ್ನು ಕೊರೆಯುವ ಗಾಳಿಯಿಂದ ಕಾಪಾಡುತ್ತದೆ. ಹಿಮವಿಲ್ಲದ ಚಳಿಯಲ್ಲಿ ಬೇರುಗಳಿಗೆ ಹಾನಿಯಾಗುತ್ತದೆ. ಬೆಚ್ಚಗಿನ ದಿನಗಳ ಬೆನ್ನಿಗೇ ಬರುವ ಚಳಿಯೂ ಅಪಾಯಕಾರಿ. 2024ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಒಕನಾಗನ್ ಕಣಿವೆಯಲ್ಲಿ ಸೌಮ್ಯ ಹವೆಯ ನಂತರ ಹಠಾತ್ತನೆ ಬಂದ ಚಳಿಗೆ ದ್ರಾಕ್ಷಿಬಳ್ಳಿಗಳ ಮೊಗ್ಗುಗಳು ಸತ್ತು, ಆ ವರ್ಷದ ಬೆಳೆ ಬಹುತೇಕ ಪೂರ್ಣವಾಗಿ ನಾಶವಾಯಿತು. ಕ್ವಿಬೆಕ್ ಪ್ರಾಂತ್ಯದ ಪ್ರಸಿದ್ಧ ಮೇಪಲ್ ಪಾನಕದ ಉತ್ಪಾದನೆಗೆ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಹವೆ ಅಗತ್ಯ. ಅಂತಹ ದಿನಗಳು ಹಿಂದುಮುಂದಾದಾಗ ಮರಗಳಿಂದ ಒಸರುವ ರಸದ ಪ್ರಮಾಣವೂ ಏರುಪೇರಾಗುತ್ತದೆ.

ಅರಣ್ಯ ಮತ್ತು ವನ್ಯಜೀವಿಗಳು

ಪೈನ್ ಮರಗಳ ತೊಗಟೆಯನ್ನು ಕೊರೆಯುವ ಬೆಟ್ಟದ ಪೈನ್ ದುಂಬಿಯ ಮರಿಹುಳುಗಳು −40 ಡಿಗ್ರಿಯಷ್ಟು ತೀವ್ರ ಚಳಿಯಲ್ಲಿ ಸಾಯುತ್ತವೆ. ಅಂತಹ ಚಳಿ ವಿರಳವಾದದ್ದು 1990ರ ದಶಕದಿಂದ ಈ ಕೀಟದ ಹಾವಳಿ ಹಬ್ಬಲು ನೆರವಾಯಿತು. ಕಾಡ್ಗಿಚ್ಚನ್ನು ತಡೆದುದರಿಂದ ವಯಸ್ಸಾದ ಪೈನ್ ಮರಗಳು ಹೆಚ್ಚಾಗಿ ಉಳಿದಿದ್ದುದೂ ಇದಕ್ಕೆ ಮತ್ತೊಂದು ಕಾರಣ. ಬ್ರಿಟಿಷ್ ಕೊಲಂಬಿಯಾದಲ್ಲಿ 1.8 ಕೋಟಿ ಹೆಕ್ಟೇರ್‌ಗೂ ಹೆಚ್ಚು ಅರಣ್ಯ ಇದರ ಬಾಧೆಗೆ ಒಳಗಾಯಿತು. ಮರದ ಕಾರ್ಖಾನೆಗಳನ್ನು ನಂಬಿದ್ದ ಊರುಗಳೂ ಸಂಕಷ್ಟಕ್ಕೀಡಾದವು.

ಹಡ್ಸನ್ ಕೊಲ್ಲಿಯ ಹಿಮಕರಡಿಗಳು ಸೀಲ್‌ಗಳನ್ನು ಬೇಟೆಯಾಡಲು ಸಮುದ್ರದ ಮಂಜುಗಡ್ಡೆಯನ್ನು ಅವಲಂಬಿಸಿವೆ. ಗಡ್ಡೆಯಿಲ್ಲದ ಅವಧಿ ದೀರ್ಘವಾದಂತೆ ಅವು ಉಪವಾಸವಿರಬೇಕಾದ ಕಾಲವೂ ಹೆಚ್ಚುತ್ತದೆ. ಕೊಲ್ಲಿಯ ಪಶ್ಚಿಮ ಭಾಗದ ಹಿಮಕರಡಿಗಳ ಸಂಖ್ಯೆಯನ್ನು 2016ರಲ್ಲಿ 842 ಎಂದೂ 2021ರಲ್ಲಿ 618 ಎಂದೂ ಅಂದಾಜಿಸಲಾಗಿದೆ. ಚಳಿಗಾಲದಲ್ಲಿ ಮೈಬಣ್ಣ ಬಿಳಿಯಾಗುವ ಮೊಲಗಳು ಹಿಮವಿಲ್ಲದ ಕಂದು ನೆಲದ ಮೇಲೆ ಶತ್ರುಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ.

ಸಂಸ್ಕೃತಿ, ಕ್ರೀಡೆ ಮತ್ತು ಪ್ರವಾಸೋದ್ಯಮ

ಇನುಯಿಟ್ ಜನರಿಗೆ ಸಮುದ್ರದ ಮಂಜುಗಡ್ಡೆಯೇ ಬೇಟೆ, ಮೀನುಗಾರಿಕೆ ಮತ್ತು ಬಂಧುಗಳ ಊರಿನ ಪ್ರಯಾಣಕ್ಕೆ ದಾರಿ. ಗಡ್ಡೆಯ ಬಣ್ಣ, ಸದ್ದು ಮತ್ತು ಹರಿವನ್ನು ನೋಡಿ ಸುರಕ್ಷಿತ ಹಾದಿಯನ್ನು ಗುರುತಿಸುವ ಜ್ಞಾನವು ಅವರಲ್ಲಿ ಹಿರಿಯರಿಂದ ಕಿರಿಯರಿಗೆ ಹರಿದು ಬಂದಿದೆ. ಗಡ್ಡೆ ಕಟ್ಟುವ ಕಾಲ ಮತ್ತು ಸ್ಥಳಗಳು ಬದಲಾದಂತೆ ಅನುಭವಿ ಬೇಟೆಗಾರರಿಗೂ ಅಪಾಯ ಹೆಚ್ಚಿದೆ.

ರಾಜಧಾನಿ ಒಟ್ಟಾವದಲ್ಲಿ ಹೆಪ್ಪುಗಟ್ಟಿದ ರಿಡೋ ಕಾಲುವೆಯ ಮೇಲೆ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ಹಾದಿಯನ್ನು 1970ರ ದಶಕದ ಆರಂಭದಿಂದ ಪ್ರತಿ ವರ್ಷ ತೆರೆಯಲಾಗುತ್ತಿತ್ತು. 2022–23ರ ಚಳಿಗಾಲದಲ್ಲಿ ಗಡ್ಡೆ ಸಾಕಷ್ಟು ದಪ್ಪವಾಗದೆ, ಈ ಹಾದಿಯು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ದಿನವೂ ತೆರೆಯಲಿಲ್ಲ. ಮರುವರ್ಷ ಕೆಲವೇ ದಿನ ತೆರೆದಿತ್ತು. 2024–25ರಲ್ಲಿ ಮತ್ತೆ ಹಲವು ವಾರಗಳ ಕಾಲ ಬಳಕೆಯಲ್ಲಿತ್ತು. ಮನೆಯಂಗಳಗಳಲ್ಲಿ ಐಸ್ ಹಾಕಿ ಆಡಲು ನಿರ್ಮಿಸುವ ಅಂಕಣಗಳ ಸ್ಥಿತಿಯನ್ನು ಸಾರ್ವಜನಿಕರೇ ದಾಖಲಿಸುವ ರಿಂಕ್‌ವಾಚ್ ಎಂಬ ಯೋಜನೆಯನ್ನು ವಿಲ್ಫ್ರಿಡ್ ಲೋರಿಯೆ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಆರಂಭಿಸಿದರು. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸೈಪ್ರೆಸ್ ಬೆಟ್ಟದ ಸ್ಪರ್ಧೆಗಳಿಗಾಗಿ ಲಾರಿ ಮತ್ತು ಹೆಲಿಕಾಪ್ಟರ್‌ಗಳಲ್ಲಿ ಹಿಮವನ್ನು ತರಿಸಬೇಕಾಯಿತು.

ಅನುಕೂಲಗಳು

ಸೌಮ್ಯವಾದ ಚಳಿಗಾಲದಿಂದ ಕೆಲವು ಪ್ರಯೋಜನಗಳೂ ಇವೆ. ಮನೆಗಳನ್ನು ಬೆಚ್ಚಗಿಡಲು ಬೇಕಾದ ಇಂಧನದ ವೆಚ್ಚ ತಗ್ಗುತ್ತದೆ, ಹಿಮ ತೆರವುಗೊಳಿಸುವ ಖರ್ಚು ಉಳಿಯುತ್ತದೆ ಮತ್ತು ಬೆಳೆ ಬೆಳೆಯುವ ಅವಧಿ ಹೆಚ್ಚುತ್ತದೆ. ಆದರೆ ಈ ಪ್ರಯೋಜನಗಳು ಹೆಚ್ಚಾಗಿ ದಕ್ಷಿಣದ ನಗರ ಮತ್ತು ಕೃಷಿ ಪ್ರದೇಶಗಳಿಗೆ ಸಲ್ಲುತ್ತವೆ. ನಷ್ಟದ ಹೆಚ್ಚಿನ ಹೊರೆ ಉತ್ತರದ ಸಣ್ಣ ಸಮುದಾಯಗಳ ಮೇಲೆ ಬೀಳುತ್ತದೆ.

ಹೊಂದಾಣಿಕೆಯ ಕ್ರಮಗಳು

ಹೆಪ್ಪುಗಟ್ಟಿದ ರಸ್ತೆಗಳಿಗೆ ಬದಲಾಗಿ ಶಾಶ್ವತ ರಸ್ತೆಗಳನ್ನು ನಿರ್ಮಿಸುವುದು ಒಂದು ಮಾರ್ಗವಾಗಿದೆ. ಆರ್ಕ್ಟಿಕ್ ಕರಾವಳಿಯ ಟುಕ್ಟೊಯಾಕ್ಟುಕ್ ಊರಿಗೆ ಇನುವಿಕ್‌ನಿಂದ ಹೋಗುವ ಹೆದ್ದಾರಿಯು 2017ರ ನವೆಂಬರ್‌ನಲ್ಲಿ ಆರಂಭವಾಗಿ, ಹಿಂದಿನ ಮಂಜುಗಡ್ಡೆಯ ರಸ್ತೆಯ ಸ್ಥಾನವನ್ನು ಪಡೆಯಿತು. ಇಂತಹ ರಸ್ತೆಗಳು ಅತ್ಯಂತ ದುಬಾರಿಯಾಗಿದ್ದು, ಅವುಗಳ ಕೆಳಗಿನ ಸದಾ ಹೆಪ್ಪುಗಟ್ಟಿರುವ ನೆಲವೂ ಸಡಿಲಗೊಳ್ಳುವ ಅಪಾಯವಿದೆ. ಸ್ಮಾರ್ಟ್‌ಐಸ್ ಎಂಬ ಸಂಸ್ಥೆಯು ಇನುಯಿಟ್ ಸಮುದಾಯಗಳೊಡಗೂಡಿ ಗಡ್ಡೆಯ ದಪ್ಪವನ್ನು ಸಂವೇದಕಗಳಿಂದ ಅಳೆದು, ಸ್ಥಳೀಯರ ಜ್ಞಾನದೊಂದಿಗೆ ಸೇರಿಸಿ ಸುರಕ್ಷಿತ ಹಾದಿಗಳ ನಕ್ಷೆಗಳನ್ನು ಸಿದ್ಧಪಡಿಸುತ್ತಿದೆ. ಸ್ಕೀ ಕೇಂದ್ರಗಳು ಯಂತ್ರಗಳಿಂದ ಕೃತಕ ಹಿಮವನ್ನು ತಯಾರಿಸುತ್ತಿವೆಯಾದರೂ ಅದಕ್ಕೂ ಸಾಕಷ್ಟು ತಣ್ಣನೆಯ ಗಾಳಿ, ನೀರು ಮತ್ತು ವಿದ್ಯುತ್ ಬೇಕಾಗುತ್ತದೆ.

ಮುನ್ನೋಟ

2019ರ ವರದಿಯ ಅಂದಾಜಿನಂತೆ, ದಕ್ಷಿಣ ಕೆನಡಾದ ಬಹುಭಾಗದಲ್ಲಿ ಹಿಮಸಂಗ್ರಹವು 2050ರವರೆಗೆ ಪ್ರತಿ ದಶಕಕ್ಕೆ ಶೇಕಡಾ 5ರಿಂದ 10ರಷ್ಟು ಕಡಿಮೆಯಾಗುವ ಸಾಧ್ಯತೆಯಿದೆ. ದೂರದ ಉತ್ತರದಲ್ಲಿ ಹಿಮಪಾತವೇ ಹೆಚ್ಚುವುದರಿಂದ ಸಂಗ್ರಹದಲ್ಲಿ ಅಷ್ಟು ದೊಡ್ಡ ಬದಲಾವಣೆಯನ್ನು ನಿರೀಕ್ಷಿಸಲಾಗಿಲ್ಲ. ಶತಮಾನದ ಕೊನೆಯ ವೇಳೆಗೆ ದೇಶದ ವಾರ್ಷಿಕ ಸರಾಸರಿ ತಾಪಮಾನವು, 1986–2005ರ ಅವಧಿಗೆ ಹೋಲಿಸಿದರೆ, ಜಗತ್ತಿನ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಬೇಗನೆ ತಗ್ಗಿದಲ್ಲಿ ಸುಮಾರು 2 ಡಿಗ್ರಿಯಷ್ಟೂ, ಹೆಚ್ಚುತ್ತಲೇ ಹೋದಲ್ಲಿ 6 ಡಿಗ್ರಿಗೂ ಮಿಗಿಲಾಗಿಯೂ ಏರಬಹುದು. ಎರಡೂ ಸನ್ನಿವೇಶಗಳಲ್ಲಿ ಉತ್ತರ ಭಾಗವು ದಕ್ಷಿಣಕ್ಕಿಂತ ಹೆಚ್ಚು ಬಿಸಿಯಾಗುತ್ತದೆ.