ಸೈನೈಡ್ ದಿಬ್ಬಗಳಿಗೊಂದು ಹೊದಿಕೆ

ತ್ರಿಪ್ಲಿಕೇನಿನ ಕನ್ನಡಿಗರಿಗೆ ಬಂಗಾರಪೇಟೆ ಎಂದರೆ ಬೆಂಗಳೂರಿನ ಹಾದಿಯಲ್ಲಿ ಸಿಗುವ ಒಂದು ಜಂಕ್ಷನ್ ಮಾತ್ರ. ಅಲ್ಲಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ಹಳಿಯನ್ನು 1894ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ ಹಾಕಲಾಯಿತು. ಅಂದಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ ಸಾವಿರಾರು ದಲಿತ ಕುಟುಂಬಗಳು ಕೂಲಿ ಅರಸಿ ಆ ಗಣಿಗಳಿಗೆ ಹೋದವು. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಮನೆಗಳ ಸಾಲು, ಅವುಗಳ ಬೆನ್ನಿಗೆ ಹದಿಮೂರು ಬೂದುಬಣ್ಣದ ದಿಬ್ಬಗಳು.

ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಹಿಡಿದ ಕಾಲದಲ್ಲಿ ಒಂದು ಟನ್ ಅದಿರಿನಿಂದ 40 ಗ್ರಾಂಗೂ ಮಿಗಿಲಾಗಿ ಚಿನ್ನ ಸಿಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಉಳಿದದ್ದೆಲ್ಲ ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ತೊಳೆದು ಹೊರಗೆ ಸುರಿದ ಪುಡಿ. ಹೀಗೆ ಕೂಡಿಬಿದ್ದ ರಾಶಿ ಮೂರು ಕೋಟಿ ಟನ್ನಿಗೂ ಹೆಚ್ಚು. ಮುಂಗಾರಿನ ಗಾಳಿ ಎದ್ದಾಗ ಅದರ ಧೂಳು ಕಾರ್ಮಿಕರ ಅಡುಗೆಮನೆಗಳಿಗೆ ಇಳಿಯುತ್ತದೆ. ನೆಲದೊಳಗೆ ಆಳಕ್ಕಿಳಿದಂತೆ ಬಂಡೆಯ ಶಾಖ ತಾಳಲಾರದಷ್ಟು ಏರಿದಾಗ, ಗಾಳಿಯನ್ನು ತಂಪಾಗಿಸಿ ಕೆಳಗೆ ಕಳಿಸುವ ಯಂತ್ರಗಳನ್ನು ಕಂಪನಿ ತರಿಸಿತು. ಮೇಲಿನ ದಿಬ್ಬಗಳ ಶಾಖ ಯಾರ ಲೆಕ್ಕಕ್ಕೂ ಬರಲಿಲ್ಲ, ಅಲ್ಲಿ ಚಿನ್ನವಿರಲಿಲ್ಲವಲ್ಲ.

ಈ ದಿಬ್ಬಗಳ ಬಹುಭಾಗ ಏಕೆ ಬೋಳಾಗಿದೆ? ಹೆಸರು ಕೇಳಿದವರು ಸೈನೈಡನ್ನು ದೂರುತ್ತಾರೆ. ಆದರೆ ಬಿಸಿಲು, ಗಾಳಿಗೆ ಒಡ್ಡಿಕೊಂಡ ಮೇಲ್ಪದರದಲ್ಲಿ ಸೈನೈಡ್ ಕಾಲಾಂತರದಲ್ಲಿ ಒಡೆದು ಕ್ಷೀಣಿಸುತ್ತದೆ. ಹೋಗದೆ ಉಳಿಯುವುದು ಬಡತನ: ಈ ಪುಡಿಯಲ್ಲಿ ಸಾವಯವ ಅಂಶವಿಲ್ಲ, ಮಣ್ಣಿನ ಹೆಂಟೆಕಟ್ಟುವ ಗುಣವಿಲ್ಲ. ಮಳೆ ಬಿದ್ದರೆ ಮೇಲೆ ಹೊಪ್ಪಳಿಕೆಯಂತಹ ಪದರ ಕಟ್ಟಿ ನೀರು ಇಳಿಜಾರಿಗೆ ಹರಿದುಹೋಗುತ್ತದೆ. ಒಳಗಿಳಿದ ಅಷ್ಟಿಷ್ಟು ತೇವವೂ ಸಣ್ಣ ಸಂದುಗಳ ಮೂಲಕ ಮೇಲೇರಿ ಆವಿಯಾಗಿ, ಲವಣವನ್ನು ಮೇಲೆ ಬಿಟ್ಟುಹೋಗುತ್ತದೆ. ಮೊಳೆತ ಬೀಜ ಮಧ್ಯಾಹ್ನದ ಕಾವಿಗೆ ಬುಡದಲ್ಲೇ ಬೇಯುತ್ತದೆ.

ಇದಕ್ಕೆ ಮದ್ದು ಹೊದಿಕೆ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂಬ ಹಳೆಯ ಏರ್ಪಾಡಿನ ಹಿಂದೆ ಗೊಬ್ಬರದ ಜೊತೆಗೆ ಈ ಅರಿವೂ ಇತ್ತು. ಎಲೆಯ ಹಾಸು ಬಿಸಿಲನ್ನೂ ಗಾಳಿಯನ್ನೂ ತಡೆಯುತ್ತದೆ. ಹಗಲಿನ ಕಾವು ಒಳಗಿಳಿಯದು, ರಾತ್ರಿಯ ಚಳಿ ತಟ್ಟದು, ಹನಿಯ ಪೆಟ್ಟಿಗೆ ಮಣ್ಣು ಕದಡದು. ಅತಿಯಾದರೆ ಅದೂ ತೊಂದರೆಯೇ. ದಪ್ಪ ಹಾಸು ಸಣ್ಣ ಮಳೆಯನ್ನು ತಾನೇ ಕುಡಿದು ನೆಲಕ್ಕೆ ಬಿಡುವುದಿಲ್ಲ. ಒಣಹುಲ್ಲು ಕೊಳೆಯುವಾಗ ನೆಲದ ಸಾರಜನಕವನ್ನು ಸೂಕ್ಷ್ಮಜೀವಿಗಳು ತಾವೇ ಬಳಸಿಕೊಂಡು ಸಸಿ ಹಳದಿಯಾಗುತ್ತದೆ.

ಕೋಲಾರದಂತೆಯೇ ಸೈನೈಡ್ ವಿಧಾನದಿಂದ ರಾಶಿಬಿದ್ದ ಜೋಹಾನ್ಸ್‌ಬರ್ಗ್‌ನ ದಿಬ್ಬಗಳ ಮೇಲೆ 1960ರ ದಶಕದಲ್ಲಿ ಗಣಿ ಮಾಲೀಕರ ಸಂಘವೇ ಹಸಿರು ಬೆಳೆಸುವ ವಿಭಾಗ ತೆರೆಯಿತು. ಜೊಂಡಿನ ಸಾಲುಗಳಿಂದ ಗಾಳಿಯನ್ನು ಮುರಿದು, ತುಂತುರು ನೀರಿನಿಂದ ದೋಷವನ್ನು ಕೆಳಕ್ಕಿಳಿಸಿ ಹುಲ್ಲು ಎಬ್ಬಿಸಿದರು. ದಿಬ್ಬವೂ ಗಣಿಯ ಜವಾಬ್ದಾರಿಯೇ ಎಂದು ಒಪ್ಪಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

ಕೋಲಾರದ ಪ್ರಶ್ನೆ ಬೇರೆ: ಹೊದಿಕೆಗೆ ಹುಲ್ಲು ಎಲ್ಲಿಂದ? ದಿಬ್ಬಗಳಿರುವ ನೆಲ ಸುಮಾರು 1,003 ಎಕರೆ. ಎಕರೆಗೆ ಎರಡು ಟನ್ ಎಂದರೂ ಎರಡು ಸಾವಿರ ಟನ್ ಬೇಕು. ಹಾಲು ಮಾರಿ ಬದುಕುವ ಆ ಬರಡು ಸೀಮೆಯಲ್ಲಿ ರಾಗಿಹುಲ್ಲು ದನದ ಬಾಯಿಯ ತುತ್ತು. ದಿಬ್ಬಕ್ಕೆ ಹಾಸಿರೆಂದು ಹೇಳಲು ನನಗಂತೂ ನಾಲಗೆ ಏಳದು. ಗಣಿಯ ನಾಡಿನಲ್ಲಿ ಕಲ್ಲಿಗೆ ಬರವಿಲ್ಲ. ಪುಡಿಯ ಮೇಲೆ ದಪ್ಪ ಜಲ್ಲಿಯ ಪದರ ಹಾಸಿದರೆ ಗಾಳಿಗೆ ಧೂಳೇಳದು, ತೇವ ಮೇಲೇರುವ ದಾರಿಯೂ ಕಡಿಯುತ್ತದೆ. ಕಪ್ಪುಕಲ್ಲು ಬಿಸಿಲಿಗೆ ಕಾಯುವುದುಂಟು; ಹುಲ್ಲನ್ನು ಸಸಿಯ ಬುಡದ ಸುತ್ತ ಮಾತ್ರ ಹಾಕಿದರೆ ಸಾಕಾದೀತು.

2024ರ ಜೂನ್‌ನಲ್ಲಿ ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕದ ಸಚಿವ ಸಂಪುಟ ಒಪ್ಪಿತು. ತೆಗೆದಾದ ಮೇಲೂ ಪುಡಿಯನ್ನು ಎಲ್ಲಾದರೂ ಸುರಿಯಲೇಬೇಕು. ಅದರ ಹೊದಿಕೆಯ ವೆಚ್ಚವನ್ನು ಗುತ್ತಿಗೆಯ ಕಾಗದದಲ್ಲಿಯೇ ಬರೆಸಲು ಈಗ ಕಾಲ ಕೂಡಿಬಂದಿದೆ.