ಮಳೆಗಾಲ ಬಿಟ್ಟು ಬರೆದ ಕಡಲು

ದೊಡ್ಡನೆಕ್ಕುಂದಿಯಲ್ಲಿ ಕೂತು ಕಡಲ ಹುಳು ಎಣಿಸುವುದು ನನ್ನ ಕಸುಬು ಎಂದರೆ ನೆಂಟರು ಇವತ್ತಿಗೂ ನಗುತ್ತಾರೆ. ನಗಲಿ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮಂಗಳೂರಿಗೆ ಇಡೀ ರಾತ್ರಿಯ ಬಸ್ಸು. ಕೆಳಮಹಡಿಯಲ್ಲಿ ಲೇತ್ ಮಷೀನಿನ ಸದ್ದು, ಮೇಲೆ ನನ್ನ ಮೇಜಿನ ತುಂಬ ಫಾರ್ಮಲಿನ್ ಡಬ್ಬಿಗಳು. ಕರಾವಳಿಯಲ್ಲಿ ಬಂದರು, ಜೆಟ್ಟಿ, ಕಡಲಿಗಿಳಿಯುವ ಪೈಪ್‌ಲೈನ್ ಏನೇ ಕಟ್ಟುವುದಿದ್ದರೂ ಮೊದಲು ತಳದ ಕೆಸರನ್ನು ಗ್ರ್ಯಾಬ್‌ನಲ್ಲಿ ಎತ್ತಿ, ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದು, ರೋಸ್ ಬೆಂಗಾಲ್ ಬಣ್ಣ ಹಾಕಿ ಇಲ್ಲಿಗೆ ಕಳಿಸುತ್ತಾರೆ. ಹುಳು, ಮರಿಚಿಪ್ಪು, ಪುಟ್ಟ ಸಿಗಡಿಗಳೆಲ್ಲ ಗುಲಾಬಿ ಬಣ್ಣ ಹಿಡಿದಿರುತ್ತವೆ. ಅವನ್ನು ಚಿಮಟದಲ್ಲಿ ಹೆಕ್ಕಿ ಜಾತಿ ಗುರುತಿಸುವುದು ನನ್ನ ಪಾಲಿನ ಕೆಲಸ. ಡಬ್ಬಿಯ ಚೀಟಿಯಲ್ಲಿ ಡಿಸೆಂಬರ್ ಇರುತ್ತದೆ, ಫೆಬ್ರವರಿ ಇರುತ್ತದೆ, ಏಪ್ರಿಲ್ ಇರುತ್ತದೆ. ಜುಲೈ ಇರುವುದಿಲ್ಲ. ಈ ಗೈರುಹಾಜರಿಗೆ ನಮ್ಮಂಥ ಸರ್ವೆ ಕಂಪನಿಗಳಿಗಿಂತ ಬಹಳ ಹಳೆಯ ಚರಿತ್ರೆಯಿದೆ.

ಬ್ರಿಟಿಷ್ ಸರ್ಕಾರ 1874ರಲ್ಲಿ ಸಾಗರ ಸರ್ವೆ ಇಲಾಖೆ ತೆರೆಯಿತು. ಅದರ ಹಡಗು ‘ಇನ್ವೆಸ್ಟಿಗೇಟರ್’ 1881ರಲ್ಲಿ ನೀರಿಗಿಳಿಯಿತು. ನಕ್ಷೆ ಬರೆಯುವ ಅಧಿಕಾರಿಗಳ ಜೊತೆ ಒಬ್ಬ ವೈದ್ಯ. ಜೀವಿಗಳನ್ನು ಸಂಗ್ರಹಿಸುವುದೂ ಅವನ ಕೆಲಸವೇ. 1888ರಿಂದ 1892ರವರೆಗೆ ಆ ಹುದ್ದೆಯಲ್ಲಿದ್ದ ಆಲ್ಫ್ರೆಡ್ ಆಲ್ಕಾಕ್ ತನ್ನ ಅನುಭವಗಳನ್ನು 1902ರಲ್ಲಿ ಪುಸ್ತಕ ಮಾಡಿದ. ಮುಂಗಾರು ಹತ್ತಿರ ಬಂದರೆ ಹಡಗು ಮುಂಬಯಿಯಲ್ಲಿ ತಂಗುತ್ತಿತ್ತು, ವೈದ್ಯ ಸೀಸೆಗಳ ಜೊತೆ ಕಲ್ಕತ್ತೆಯ ಮ್ಯೂಸಿಯಂ ಸೇರುತ್ತಿದ್ದ. ಆ ಕಾಲದ ಹಡಗಿಗೆ ಮುಂಗಾರಿನ ಕಡಲು ನಿಜಕ್ಕೂ ಆಗಿಬರುತ್ತಿರಲಿಲ್ಲ. ಅದನ್ನು ತಪ್ಪೆನ್ನಲಾಗದು.

ಆದರೆ ಆ ತಿಂಗಳುಗಳಲ್ಲಿ ಕಡಲು ಸುಮ್ಮನಿರುವುದಿಲ್ಲ. ನೈಋತ್ಯ ಮುಂಗಾರಿನಲ್ಲಿ ನಮ್ಮ ಕರಾವಳಿಯ ಮೇಲ್ನೀರು ದಡದಿಂದಾಚೆ ಸರಿದು, ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರಲ್ಲಿ ಪೋಷಕಾಂಶ ಹೇರಳ, ಆಮ್ಲಜನಕ ಕಡಿಮೆ. ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು, ಅಂದರೆ ಪ್ಲವಕ, ಉಕ್ಕುತ್ತದೆ, ಬೂತಾಯಿ ಮೊಟ್ಟೆಯಿಡುತ್ತದೆ, ತಳದ ಮೀನು ಉಸಿರು ಸಾಲದೆ ಜಾಗ ಬಿಡುತ್ತದೆ. ಕೊಚ್ಚಿಯ ಕಡಲಿನಲ್ಲಿ ಹೀಗೆ ನೀರೇಳುವುದಕ್ಕೂ ಟ್ರಾಲ್ ಬಲೆ ಬರಿದಾಗುವುದಕ್ಕೂ ಇರುವ ನಂಟನ್ನು ಕಾರ್ಲ್ ಬಾನ್ಸೆ 1959ರಲ್ಲೇ ಬರೆದರು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ ಮುಗಿದ ಮೇಲೆ, 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಹುಟ್ಟಿತು. ಎಪ್ಪತ್ತರ ದಶಕದಲ್ಲಿ ವಿಶ್ವಸಂಸ್ಥೆಯ ನೆರವಿನ ಮೀನುಗಾರಿಕೆ ಯೋಜನೆಯ ಹಡಗುಗಳು ಪ್ರತಿಧ್ವನಿ ಯಂತ್ರ ಹಿಡಿದು ಮುಂಗಾರಿನಲ್ಲೂ ಪಶ್ಚಿಮ ಕರಾವಳಿ ಸುತ್ತಿದವು. ಒಂದರ ಹೆಸರು ‘ಸಾರ್ಡಿನೆಲ್ಲಾ’, ಇನ್ನೊಂದರದು ‘ರಾಸ್ಟ್ರೆಲಿಜರ್’. ನಮ್ಮ ಬೂತಾಯಿ ಮತ್ತು ಬಂಗುಡೆ. ಮಳೆಗಾಲದ ಕಡಲನ್ನು ಅಳೆಯಲು ಸಾಧ್ಯ ಎಂಬುದು ಅಲ್ಲಿಗೆ ಸಾಬೀತಾಗಿತ್ತು.

ಮಲ್ಪೆಯ ಕಡೆಯ ನಾಡದೋಣಿಯವರಿಗೆ ಯಾರೂ ಸಾಬೀತು ಮಾಡಿ ತೋರಿಸಬೇಕಾಗಿರಲಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗಷ್ಟೇ ಕಡಲು. ಅವರು ಕಾಯುವುದು ತೂಫಾನಿಗೆ. ಕಡಲು ಒಮ್ಮೆ ಬುಡಮೇಲಾಗಿ ಕಲಕದಿದ್ದರೆ ದಡದ ಹತ್ತಿರ ಮೀನು ಬರುವುದಿಲ್ಲ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

ಇಷ್ಟೆಲ್ಲ ಗೊತ್ತಾದ ಮೇಲೆ ಕಾನೂನು ಬಂತು. 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. 1994ರ ಜನವರಿ 27ರಂದು ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ. ನಮ್ಮಂಥವರಿಗೆ ಅನ್ನ ಹುಟ್ಟಿದ್ದು ಆಗ. ತ್ವರಿತ ಅಧ್ಯಯನಕ್ಕೆ ಮಳೆಗಾಲ ಹೊರತುಪಡಿಸಿ ಒಂದು ಋತುವಿನ ಮಾಹಿತಿ ಸಾಕು ಎಂದು ಸಚಿವಾಲಯ ವಿವರಣೆ ಕೊಟ್ಟಿತು. 2006ರ ಹೊಸ ಅಧಿಸೂಚನೆಯ ನಂತರವೂ ಆ ಅಭ್ಯಾಸ ಉಳಿಯಿತು. ಹೊಗೆಯ ಮಟ್ಟಿಗೆ ಇದು ಜಾಣ ನಿಯಮವೇ. ಮಳೆ ಧೂಳನ್ನು ತೊಳೆಯುತ್ತದೆ, ಜುಲೈನಲ್ಲಿ ಅಳೆದರೆ ಪೀಣ್ಯದ ಗಾಳಿಯೂ ಶುದ್ಧವೆಂದೇ ಬರುತ್ತದೆ. ಮಾಲಿನ್ಯ ಮುಚ್ಚಿಹೋಗದಿರಲಿ ಎಂದು ಮಳೆಗಾಲ ಬಿಡುವುದು ಸರಿ. ಚಿಮಣಿಗೆ ಹೊಂದುವ ಆ ಅಳತೆಯನ್ನು ಕಡಲಿಗೂ ಹಾಕಿದಾಗ ಅದು ತಿರುಗುಮುರುಗಾಯಿತು. ಇಲ್ಲಿ ಮುಚ್ಚಿಹೋಗುವುದು ಜೀವವೇ. ಹಡಗಿನ ಅಸಹಾಯಕತೆ ಕಾಗದದ ಮೇಲೆ ಪದ್ಧತಿಯಾಗಿ ಕೂತಿತು.

ಅಘನಾಶಿನಿ ಅಳಿವೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಗಜನಿ ಭೂಮಿಯಲ್ಲಿ ಮಳೆನೀರು ಉಪ್ಪನ್ನು ತೆಳುವಾಗಿಸಿದಾಗ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಬಿಟ್ಟರೆ ಅದೇ ಗದ್ದೆ ಸಿಗಡಿಯ ಹೊಂಡ. ಫೆಬ್ರವರಿಯಲ್ಲಿ ಹೋದ ಸರ್ವೆಯವರಿಗೆ ಉಪ್ಪುನೀರು ಕಾಣುತ್ತದೆ, ಗದ್ದೆ ಕಾಣುವುದಿಲ್ಲ. ಅಲ್ಲಿ ತದಡಿಯ ಬಳಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮಾತು ನಡೆದಿದ್ದ ವರ್ಷಗಳಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಬಳಚು ಹೆಕ್ಕುವವರ ಲೆಕ್ಕ ಹಿಡಿಯಿತು. ಎರಡು ಸಾವಿರಕ್ಕೂ ಹೆಚ್ಚು ಜನರ ದುಡಿಮೆ, ವರ್ಷಕ್ಕೆ ಐದು ಕೋಟಿ ರೂಪಾಯಿಗೂ ಮಿಕ್ಕಿದ ವಹಿವಾಟು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು.

ಆಕಾಶದಿಂದ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಪಕ್ಕದ ಔಟರ್ ರಿಂಗ್ ರಸ್ತೆಯಲ್ಲೇ ಇಸ್ರೋದ ಉಪಗ್ರಹ ಜೋಡಣೆಯ ಆವರಣವಿದೆ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1 ಕಡಲ ಬಣ್ಣ ನೋಡಿ ಪ್ಲವಕದ ಅಂದಾಜು ಕೊಟ್ಟಿತು. 2009ರಲ್ಲಿ, 2022ರಲ್ಲಿ ಅದರ ತಮ್ಮಂದಿರು ಹೋದರು. ಬಣ್ಣ ನೋಡುವ ಆ ಕಣ್ಣಿಗೂ ಮುಂಗಾರಿನ ಮೋಡ ಅಡ್ಡ.

ಹಾಗಾಗಿ ನೀರಿಗೇ ಇಳಿಯಬೇಕು. ನಿಯಮ ಹೇಳುವುದು ಕನಿಷ್ಠ ಎಷ್ಟು ಬೇಕೆಂದು. ಜುಲೈನಲ್ಲಿ ಅಳೆಯಬಾರದೆಂದು ಎಲ್ಲೂ ಇಲ್ಲ. ಅಳಿವೆಯ ಸೇತುವೆಯಿಂದ ಬಾಟಲಿ ಇಳಿಸಲು ಹಡಗು ಬೇಡ. ಕಡಲು ಬಿಡುವು ಕೊಟ್ಟ ದಿನ ನಾಡದೋಣಿಯವರ ಜೊತೆ ಹೋಗಿ, ಅವರಿಗೆ ದಿನಗೂಲಿ ಕೊಟ್ಟು, ಬಲೆಗೆ ಬಿದ್ದದ್ದನ್ನು ಬರೆದುಕೊಳ್ಳಬಹುದು. ಖರ್ಚು ಒಂದು ಋತುವಿನಷ್ಟು ಹೆಚ್ಚಾದೀತು, ವರದಿ ಕೆಲವು ತಿಂಗಳು ತಡವಾದೀತು. ಕಟ್ಟುವ ಬಂದರು ಐವತ್ತು ಮಳೆಗಾಲ ನಿಲ್ಲಬೇಕಾದದ್ದು. ಅದಕ್ಕಾಗಿ ಒಂದು ಮಳೆಗಾಲ ಕಾಯಿರಿ ಎಂದು ಗಿರಾಕಿಗೆ ಹೇಳುವುದು ನಮ್ಮ ಕಸುಬಿನ ಭಾಗವೇ ಆಗಬೇಕು.